ಮೊದಲು ಹಸನು ಮಾಡ್ರಿ, ಆಮೇಲೆ ಸಣ್ಣ ಮಾಡ್ರಿ

ಹೋದ ವಾರ ಮೂರನೇ ಮನೆ ಅಕ್ಕ ನಮ್ಮ ಕಟ್ಟೆ ಮ್ಯಾಲೆ ಬಂದು ಕುಂತ್ರು. ಫೋನು ತೋರಿಸಿ, "ನೋಡವ್ವಾ, ಇದು ತುಂಬೈತಂತೆ. ಫೋಟೋ ಹೊಡಿಯಲ್ಲ, ವಾಟ್ಸಾಪೂ ನೆಟ್ಟಗೆ ತೆಗಿಯಲ್ಲ. ನಾಳೆ ಮಗ ಬರ್ತಾನೆ, ಎಲ್ಲಾ ಅಳಿಸಿಬಿಡಪ್ಪಾ ಅಂತ ಅವನ ಕೈಗೆ ಕೊಡ್ತೀನಿ" ಅಂದ್ರು. ನಾನು ಬಿಡಿಸ್ತಿದ್ದ ಅವರೆಕಾಯಿ ಪುಟ್ಟಿ ಪಕ್ಕಕ್ಕಿಟ್ಟು, "ಅಕ್ಕಾ, ನಿಮ್ಮ ಕೈ ಮುಗಿತೀನಿ, ಎಲ್ಲಾ ಅಳಿಸು ಅನ್ನೋ ಮಾತೊಂದು ಹೇಳಬ್ಯಾಡ್ರಿ" ಅಂದೆ. ಅವರಿಗೆ ನಗು ಬಂತು. ಒಂದು ಫೋನಿಗೆ ಇಷ್ಟು ಗಾಬರಿ ಯಾಕೆ ಅಂತ.

ಯಾಕೆ ಅಂತ ಅವತ್ತು ಅವರಿಗೆ ಹೇಳಿದೆ. ಇವತ್ತು ನಿಮಗೆಲ್ಲಾ ಹೇಳ್ತೀನಿ.

2019ರ ಬ್ಯಾಸಿಗೆಯಾಗೆ ನಮ್ಮ ಅತ್ತೆ ಪಡಸಾಲೆಯಾಗೆ ಚಾಪೆ ಹಾಸ್ಕೊಂಡು ಸೌತೆಬೀಜ ಮಾಡ್ತಿದ್ರು. ಗೊತ್ತಿಲ್ಲದ ಸಣ್ಣ ಹುಡುಗೇರಿಗೆ ಹೇಳ್ತೀನಿ, ಸೌತೆಬೀಜ ಅಂದ್ರೆ ಸೌತೆಕಾಯಿ ಒಳಗಿನ ಬೀಜ ಅಲ್ಲ. ಸಣ್ಣ ರವೆ ನಾದಿ ಕಣಕ ಮಾಡಿ, ಅದನ್ನ ದಾರದಂಗೆ ಎಳೆದು, ಹೆಬ್ಬೆಟ್ಟು ತೋರುಬೆಟ್ಟಿನ ನಡುವೆ ಹೊಸೆದು ಹೊಸೆದು ಬೀಜದಂಗೆ ಉದುರಿಸೋದು. ನೆರಳಾಗೆ ಒಣಗಿಸಿಟ್ರೆ ಹಬ್ಬಕ್ಕೆ ಪಾಯಸ. ಶಾವಿಗೆಗೆ ಮಿಷನ್ನು ಬಂತು, ಸೌತೆಬೀಜಕ್ಕೆ ಈಗಲೂ ಬೆರಳೇ ಬೇಕು. ಅತ್ತೆ ಬೆರಳು ಓಡೋದು ನೋಡಿದ್ರೆ ಕಣ್ಣಿಗೆ ಸಿಗ್ತಿರಲಿಲ್ಲ. ಮಗಳಿಗೆ ಹೇಳಿ ಮೂರು ನಿಮಿಷ ವಿಡಿಯೋ ಮಾಡಿಸಿದೆ. ಕೈ ಆಡಿಸ್ತಾನೇ ಅತ್ತೆ, ಹಿಟ್ಟು ಗಟ್ಟಿ ಆದ್ರೆ ಬೀಜ ಸೀಳುತ್ತೆ, ಮೆತ್ತಗಾದ್ರೆ ಬೆರಳಿಗೆ ಹತ್ತುತ್ತೆ ಅಂತ ಹೇಳ್ತಾ ಇದ್ರು. 2021ರಾಗೆ ಅತ್ತೆ ತೀರ್ಕೊಂಡ್ರು.

ಆಮೇಲೆ ನಮ್ಮ ದುಗ್ಗಮ್ಮನ ಜಾತ್ರೆ ಬಂತು. ಎರಡು ವರ್ಷಕ್ಕೊಂದ್ಸಲ ಬರೋ ಜಾತ್ರೆ, ದಾವಣಗೆರೆ ಮಂದಿಗೆ ಹೇಳೋದೇನೈತೆ, ಮನೆ ತುಂಬಾ ನೆಂಟರು. ಅವತ್ತೇ ನನ್ನ ಫೋನು ಕೈ ಕೊಡ್ತು. ಅದು ಮಗ ಬಳಸಿ ಬಿಟ್ಟಿದ್ದ 32 ಜಿಬಿ ಫೋನು. ಬೀಗರು ಬಂದಾಗ ಫೋಟೋ ಹೊಡಿಯಾಕೆ ಹೋದ್ರೆ ಜಾಗ ಇಲ್ಲ ಅಂತ ಬರ್ತಿತ್ತು. ನಮ್ಮ ಕಡೆ ಹುಡುಗನೊಬ್ಬ ಅಲ್ಲೇ ಕುಂತಿದ್ದ. "ತೆಗೀಲಾ ದೊಡ್ಡಮ್ಮಾ ಎಲ್ಲಾ?" ಅಂದ. ನನ್ನ ಕೈಯಾಗೆ ಹೋಳಿಗೆ ಕಣಕ. "ತೆಗಿಯಪ್ಪಾ, ಏನಿರ್ತಾವೆ ಅದ್ರಾಗೆ, ಬರೇ ಗುಡ್ ಮಾರ್ನಿಂಗು" ಅಂದೆ. ಎರಡು ನಿಮಿಷದಾಗೆ ಫೋನು ಹಗುರ ಆತು. ಎಷ್ಟು ಜಾಣ ಹುಡುಗ ಅಂತ ಅವನಿಗೆ ಇನ್ನೊಂದು ಹೋಳಿಗೆ ಹಾಕಿದೆ.

ಎರಡು ತಿಂಗಳಾದ ಮ್ಯಾಲೆ ಮಗಳು, "ಅಮ್ಮಾ, ಅಜ್ಜಿ ಸೌತೆಬೀಜದ ವಿಡಿಯೋ ಕಳಿಸು, ನಾನೂ ಮಾಡಿ ನೋಡ್ತೀನಿ" ಅಂತ ಫೋನ್ ಮಾಡಿದ್ಲು. ಹುಡುಕಿದೆ, ಹುಡುಕಿದೆ. ಎಲ್ಲೈತೆ? ಗ್ಯಾಲರಿಯಾಗೆ ಕಸದ ಡಬ್ಬಿ ಅಂತ ಒಂದಿರುತ್ತೆ, ಅಳಿಸಿದ್ದು ಬಹಳಷ್ಟು ಫೋನಿನಾಗೆ 30 ದಿನ ಅದ್ರಾಗೇ ಉಳೀತದೆ. ನಾನು ನೋಡೋವಷ್ಟೊತ್ತಿಗೆ ಆ 30 ದಿನ ದಾಟಿ ಇನ್ನೊಂದು ತಿಂಗಳಾಗಿತ್ತು.

ಹರಿಹರದ ನಾದಿನಿಗೆ ಹಿಂದೆ ವಾಟ್ಸಾಪಿನಾಗೆ ಕಳಿಸಿದ್ದು ನೆನಪಾತು. ಫೋನ್ ಮಾಡಿ ಕೇಳಿದ್ರೆ, ಐತೆ ಅಂದ್ಲು. ಕಳಿಸು ಅಂದ್ರೆ ಆಗ್ತಿತ್ತು, ಆದ್ರೆ ನನಗೆ ತಡಿಯಲಿಲ್ಲ, ಮಧ್ಯಾಹ್ನದ ಬಸ್ಸಿಗೇ ಹರಿಹರಕ್ಕೆ ಹೋದೆ. ಇಬ್ಬರೂ ಕುಂತು ನೋಡಿದ್ವಿ. ಅತ್ತೆ ದನಿ ಐತೆ. ಹಿಂದಿನ ಗೋಡೆ, ಗೋಡೆ ಮ್ಯಾಲಿನ ಕ್ಯಾಲೆಂಡರ್, ಇಳಕಲ್ ಸೀರೆ ಸೆರಗು, ಎಲ್ಲಾ ತಕ್ಕಮಟ್ಟಿಗೆ ಕಾಣ್ತಾವೆ. ಆದ್ರೆ ಬೆರಳು? ಬೆರಳಿರೋ ಜಾಗದಾಗೆ ಬಿಳೇ ಮಂಜು. ಚೌಕ ಚೌಕ ಕಲೆ. ಬೀಜ ಉದುರೋದು ಕಾಣ್ಸೋದೇ ಇಲ್ಲ. ಯಾವುದಕ್ಕೆ ಅಂತ ಆ ವಿಡಿಯೋ ಮಾಡಿಸಿದ್ನೋ ಅದೊಂದೇ ಇಲ್ಲ. ನಾದಿನಿ ಸೆರಗಿನಾಗೆ ಕಣ್ಣು ಒರೆಸ್ಕೊಂಡ್ಲು. ನಾನು ಬಸ್ಸಿನಾಗೆ ಒರೆಸ್ಕೊಂಡೆ.

ತಪ್ಪು ಆ ಹುಡುಗಂದಲ್ಲ, ನಂದು. ಏನಿರ್ತಾವೆ ಅದ್ರಾಗೆ ಅಂದೋಳು ನಾನೇ. ಅದಕ್ಕೇ ಈ ವಿಷಯದಾಗೆ ನನ್ನ ಅಭಿಪ್ರಾಯ ಒಂದೇ ಒಂದು: ಫೋನು ತುಂಬಿದಾಗ ಏನು ಇಡಬೇಕು, ಏನು ಬಿಡಬೇಕು, ಯಾವುದನ್ನ ಸಣ್ಣ ಮಾಡಬೇಕು ಅನ್ನೋದನ್ನ ಆರಿಸೋ ಕೆಲಸ ನಮ್ಮದು. ಅದನ್ನ ಮಕ್ಕಳ ಕೈಗೂ ಕೊಡಬಾರದು, ಅಂಗಡಿ ಹುಡುಗರ ಕೈಗೂ ಕೊಡಬಾರದು, ಆಪಿನ ಕೈಗಂತೂ ಕೊಡಲೇಬಾರದು.

ನಮ್ಮ ಆವರಗೆರೆ ಇನ್ನೂ ಹಳ್ಳಿ ಆಗಿದ್ದ ಕಾಲದಾಗೆ ಮನೆ ಮುಂದೆ ಹಗೇವು ಇರ್ತಿದ್ವು ಅಂತ ಮಾವನೋರು ಹೇಳೋರು. ಈಗ ಹಳ್ಳಿ ಯಾವುದು, ಸಿಟಿ ಯಾವುದು ಗೊತ್ತಾಗಲ್ಲ ಬಿಡ್ರಿ. ಜೋಳ ಹಗೇವಿಗೆ ಇಳಿಸೋಕೆ ಮುಂಚೆ ತೂರಿ, ಕೇರಿ, ಒಣಗಿಸಿ ಹಸನು ಮಾಡ್ತಿದ್ರಂತೆ. ಹಸನು ಮಾಡದೆ ತುಂಬಿದ್ರೆ ಜಾಗನೂ ದಂಡ, ಕಾಳೂ ದಂಡ. ಹಸನು ಮಾಡೋದು ಯಾರ ಕೆಲಸ ಆಗಿತ್ತು? ಹೆಣ್ಣುಮಕ್ಕಳದ್ದೇ. ಕಲ್ಲು ಯಾವುದು ಕಾಳು ಯಾವುದು ಅಂತ ನಮ್ಮ ಕಣ್ಣಿಗೆ ಗೊತ್ತು. ಮೊರ ಹಿಡಿಯೋಕೆ ಬಂದೋರಿಗೆ ಫೋನು ಹಸನು ಮಾಡೋಕೆ ಬರಲ್ಲ ಅಂದ್ರೆ ನಾನು ಒಪ್ಪಲ್ಲ.

ಹರಿಹರದಿಂದ ಬಂದ ಮ್ಯಾಲೆ ನನಗೆ ಹಟ ಬಂತು. ಮಗಳನ್ನ ಕೇಳಿದೆ, ಅಳಿಯನ್ನ ಕೇಳಿದೆ, ಸೆಟ್ಟಿಂಗ್ಸ್ ಒಂದೊಂದೇ ತೆಗೆದು ನೋಡಿದೆ. ಪಿಯುಸಿ ಓದಿದೋಳು ನಾನು, ಎರಡು ತಿಂಗಳಾಗೆ ನನಗೇ ತಿಳೀತು. ನಿಮಗೂ ತಿಳೀತದೆ.

ಮೊದಲು ವಿಡಿಯೋ ಇಷ್ಟು ಜಾಗ ಯಾಕೆ ತಿನ್ನುತ್ತೆ ಅಂತ ನೋಡೋಣ. ವಿಡಿಯೋ ಅಂದ್ರೆ ಬೇರೇನಲ್ಲ, ಒಂದು ಸೆಕೆಂಡಿಗೆ ಮೂವತ್ತು ಫೋಟೋ. ಒಂದೊಂದು ಫೋಟೋ ಎಷ್ಟು ಚುಕ್ಕಿ ಅನ್ನೋದರ ಮ್ಯಾಲೆ ಅದರ ಭಾರ. ಕ್ಯಾಮೆರಾ ಸೆಟ್ಟಿಂಗಿನಾಗೆ 4ಕೆ ಅಂತ ಇದ್ರೆ, ಅದ್ರಾಗೆ 1080ಪಿ ಅನ್ನೋದರ ನಾಕು ಪಟ್ಟು ಚುಕ್ಕಿ ಇರ್ತಾವೆ. ಫೋನಿಂದ ಫೋನಿಗೆ ಬೇರೆ ಆಗುತ್ತೆ, ಆದ್ರೆ ಅಂದಾಜಿಗೆ ಒಂದು ನಿಮಿಷದ ವಿಡಿಯೋ 4ಕೆ ಆದ್ರೆ 350 ಎಂಬಿ ಆಸುಪಾಸು, 1080ಪಿ ಆದ್ರೆ 130 ಎಂಬಿ ಆಸುಪಾಸು, 720ಪಿ ಆದ್ರೆ 60ರಿಂದ 90 ಎಂಬಿ. ನನ್ನ 32 ಜಿಬಿ ಫೋನಿನಾಗೆ ಆಪುಗಳೆಲ್ಲಾ ಕುಂತ ಮ್ಯಾಲೆ ಉಳಿಯೋದು 15 ಜಿಬಿ. 4ಕೆ ವಿಡಿಯೋ ಹಿಡಿದ್ರೆ ಮುಕ್ಕಾಲು ಗಂಟೆಗೆ ಮುಗೀತು. ಒಂದು ಸೀಮಂತಕ್ಕೂ ಸಾಲಲ್ಲ.

ಇನ್ನು ವಿಡಿಯೋ ಸಣ್ಣ ಆಗೋದು ಹೆಂಗೆ? ಅಳಿಯ ಹೇಳಿದ್ದು ನನಗೆ ಹಾಲಿನ ಲೆಕ್ಕದಂಗೆ ಅರ್ಥ ಆತು. ನಾವು ಕ್ಯಾಲೆಂಡರಿನ ಮ್ಯಾಲೆ ದಿನಾ ಅರ್ಧ ಲೀಟರ್, ಅರ್ಧ ಲೀಟರ್ ಅಂತ ಬರೀತೀವಾ? ಇಲ್ಲ. ಹಾಲು ಬರದ ದಿನ, ಜಾಸ್ತಿ ತಗೊಂಡ ದಿನ ಅಷ್ಟೇ ಗುರುತು ಹಾಕ್ತೀವಿ. ವಿಡಿಯೋನೂ ಹಂಗೇ. ಗೋಡೆ ಅಲ್ಲಾಡಲ್ಲ, ಚಾಪೆ ಅಲ್ಲಾಡಲ್ಲ, ಅದನ್ನ ಒಂದ್ಸಲ ಬರ್ಕೊಂಡು, ಆಮೇಲೆ ಬದಲಾಗಿದ್ದು ಏನು ಅಂತ ಮಾತ್ರ ಬರೀತಾ ಹೋಗುತ್ತೆ. ಫೈಲು ಇನ್ನೂ ಸಣ್ಣ ಆಗಬೇಕು ಅಂದ್ರೆ, ಬದಲಾಗಿದ್ದನ್ನೂ ಪೂರ್ತಿ ಬರೆಯದೆ ಮೋಟಾಗಿ ಗೀಚುತ್ತೆ. ಜೋರಾಗಿ ಆಡೋದು, ಸಣ್ಣ ಸಣ್ಣಗೆ ಇರೋದು ಮೊದಲು ಹಾಳಾಗ್ತವೆ. ನಮ್ಮ ಅತ್ತೆ ಬೆರಳು ಜೋರಾಗಿ ಆಡ್ತಿದ್ವು, ಸೌತೆಬೀಜ ಸಣ್ಣಗಿದ್ವು. ಹಂಗಾಗಿ ಗೋಡೆ ಉಳೀತು, ಬೆರಳು ಹೋತು.

ಮೂಲ ವಿಡಿಯೋ 390 ಎಂಬಿ ಹತ್ತಿರ ಇದ್ದಿರಬೇಕು. ನಾದಿನಿ ಫೋನಿನಾಗೆ ಇದ್ದದ್ದು 14 ಎಂಬಿ. ಆಗಿನ ವಾಟ್ಸಾಪಿನಾಗೆ ವಿಡಿಯೋ ಕಳಿಸಬೇಕಂದ್ರೆ 16 ಎಂಬಿ ಒಳಗೆ ಇರಬೇಕಿತ್ತು, ಹಂಗಾಗಿ ಅದೇ ಒತ್ತಿ ಒತ್ತಿ ಸಣ್ಣ ಮಾಡಿ ಕಳಿಸ್ತಿತ್ತು. ಕಳಿಸೋಕೆ ಅದು ಅನುಕೂಲ, ಇಲ್ಲ ಅನ್ನಲ್ಲ. ಆದ್ರೆ ಸಣ್ಣ ಮಾಡಿದ್ದನ್ನ ಮತ್ತೆ ದೊಡ್ಡದು ಮಾಡೋಕೆ ಯಾವ ಆಪಿಗೂ ಆಗಲ್ಲ. ಬಿಟ್ಟುಹೋದ ಬೆರಳು ವಾಪಸ್ ಬರಲ್ಲ.

ಈಗ ಹಸನು ಮಾಡೋ ಕ್ರಮ ಹೇಳ್ತೀನಿ. ಮಧ್ಯಾಹ್ನ ಊಟ ಆದ ಮ್ಯಾಲೆ, ಫೋನು ಚಾರ್ಜಿಗೆ ಹಾಕ್ಕೊಂಡು ಒಂದು ತಾಸು ಕುಂತ್ಕೊಳ್ರಿ.

ಮೊದಲು ವಾಟ್ಸಾಪ್. ಅದರ ಸೆಟ್ಟಿಂಗ್ಸ್ ಒಳಗೆ ಸ್ಟೋರೇಜ್ ಅಂಡ್ ಡೇಟಾ, ಅದರ ಒಳಗೆ ಮ್ಯಾನೇಜ್ ಸ್ಟೋರೇಜ್. ಅಲ್ಲಿ ಅದೇ ಎರಡು ಗುಂಪು ಮಾಡಿ ಇಟ್ಟಿರುತ್ತೆ. ಒಂದು, ಬಹಳ ಸಲ ಫಾರ್ವರ್ಡ್ ಆಗಿ ಬಂದವು. ಇನ್ನೊಂದು, 5 ಎಂಬಿಗಿಂತ ದೊಡ್ಡವು. ಮೊದಲನೇ ಗುಂಪಿನಾಗೆ ನಮ್ಮ ಮನೆಯೋರು ಯಾರೂ ಇರಲ್ಲ, ನೋಡ್ರಿ. ಹೂವು, ಸೂರ್ಯ, ಯಾರದೋ ಭಾಷಣ, ಬೆಳ್ಳುಳ್ಳಿ ತಿಂದ್ರೆ ಎಲ್ಲಾ ರೋಗ ಹೋಗುತ್ತೆ ಅನ್ನೋದು. ಒಂದ್ಸಲ ಕಣ್ಣಾಡಿಸಿ ತೆಗೀರಿ. ಎರಡನೇ ಗುಂಪನ್ನ ಮಾತ್ರ ಒಂದೊಂದೇ ತೆಗೆದು ನೋಡ್ರಿ. ಮೊಮ್ಮಗು ಮೊದಲು ಹೆಜ್ಜೆ ಇಟ್ಟಿದ್ದು ಅದ್ರಾಗೇ ಇರುತ್ತೆ.

ಅದೇ ಸ್ಟೋರೇಜ್ ಅಂಡ್ ಡೇಟಾ ಒಳಗೆ, ತಾನೇ ಡೌನ್‌ಲೋಡ್ ಆಗೋದನ್ನ ಬಂದ್ ಮಾಡೋ ಜಾಗನೂ ಐತೆ. ವಿಡಿಯೋ ಅನ್ನೋದರ ಮುಂದಿನ ಗುರುತು ತೆಗೆದುಬಿಡ್ರಿ. ಆಮೇಲೆ ನೀವು ಒತ್ತಿದ್ದು ಮಾತ್ರ ಇಳೀತದೆ. ನಲ್ಲಿ ಬಂದ್ ಮಾಡದೆ ನೆಲ ಒರೆಸಿದ್ರೆ ಏನು ಬಂತು?

ಇಲ್ಲಿ ಒಂದು ಮಾತು. ವಾಟ್ಸಾಪಿನಾಗೆ ಬಂದ ವಿಡಿಯೋನ ಮತ್ತೆ ಸಣ್ಣ ಮಾಡಾಕೆ ಹೋಗಬ್ಯಾಡ್ರಿ. ಅದು ಮೊದಲೇ ಹಿಂಡಿದ್ದು. ಕಬ್ಬಿನ ಸಿಪ್ಪೆ ಮತ್ತೆ ಗಾಣಕ್ಕೆ ಕೊಟ್ರೆ ಹಾಲು ಬರಲ್ಲ. ಜಾಗನೂ ಜಾಸ್ತಿ ಉಳಿಯಲ್ಲ, ಇದ್ದ ಮುಖಾನೂ ಮಸುಕಾಗುತ್ತೆ. ಅದು ಬೇಕಾ, ಹಂಗೇ ಇಡ್ರಿ. ಬ್ಯಾಡಾ, ತೆಗೀರಿ.

ಎರಡನೇದು, ನಾವೇ ಹಿಡಿದ ವಿಡಿಯೋ. ಇದ್ರಾಗೆ ಮೂರು ಪಾಲು ಮಾಡ್ರಿ. ಕಿಸೆಯಾಗೆ ಇದ್ದಾಗ ತಾನೇ ಆನ್ ಆಗಿ ಹಿಡಿದ ನೆಲ, ಕಾಲು, ಒಂದೇ ಆರತಿದು ನಾಕು ನಾಕು ವಿಡಿಯೋ, ಇವು ತೆಗೆಯೋ ಪಾಲು. ಶಾಲೆ ವಾರ್ಷಿಕೋತ್ಸವ, ಜಾತ್ರೆ ಮೆರವಣಿಗೆ, ಗಾಜಿನಮನೆಗೆ ಹೋಗಿದ್ದು, ಊಟದ ಪಂಕ್ತಿ, ಇವು ಸಣ್ಣ ಮಾಡೋ ಪಾಲು. ಇವನ್ನ ನಾವು ನೆನಪಿಗೆ ನೋಡ್ತೀವಿ, ಕಣ್ಣಿಟ್ಟು ನೋಡಲ್ಲ. ಯಾರು ಬಂದಿದ್ರು, ಏನು ಉಟ್ಟಿದ್ರು ಅಂತ ಗೊತ್ತಾದ್ರೆ ಸಾಕು. ಮೂರನೇದು ಮುಟ್ಟಬಾರದ ಪಾಲು. ಹಿರಿಯರ ಕೈ, ಹಿರಿಯರ ಮುಖ, ಹಿರಿಯರ ಮಾತು. ಕೈಕೆಲಸ ತೋರಿಸಿದ್ದು, ಹಾಡು ಹೇಳಿದ್ದು, ಮಗು ಮೊದಲು ಮಾತಾಡಿದ್ದು. ಇವು ಹತ್ತಿಪ್ಪತ್ತಕ್ಕಿಂತ ಜಾಸ್ತಿ ಇರಲ್ಲ. ಇವನ್ನ ಇದ್ದಂಗೇ ಇಡಬೇಕು.

ಸಣ್ಣ ಮಾಡೋ ಪಾಲಿಗೆ ಏನು ಮಾಡೋದು? ಮೊದಲು ಕತ್ತರಿಸ್ರಿ. ಎಲ್ಲಾ ಫೋನಿನ ಗ್ಯಾಲರಿಯಾಗೂ ಎಡಿಟ್ ಅಂತ ಇರುತ್ತೆ, ಅಲ್ಲಿ ಹಿಂದೆ ಮುಂದೆ ಎಳೆದು ಬೇಕಾದಷ್ಟೇ ಇಟ್ಕೋಬಹುದು. ಹತ್ತು ನಿಮಿಷದ ವಾರ್ಷಿಕೋತ್ಸವದಾಗೆ ನಮ್ಮ ಹುಡುಗಿ ಕುಣಿದಿದ್ದು ಎರಡೇ ನಿಮಿಷ. ಆ ಎರಡು ನಿಮಿಷ ಇಟ್ರೆ ಒಂದು ಚುಕ್ಕಿನೂ ಹಾಳಾಗದೆ ಹೆಚ್ಚೂ ಕಡಿಮೆ ಐದರಾಗೆ ನಾಕು ಪಾಲು ಜಾಗ ಉಳೀತು. ಕತ್ತರಿಸಿದ ಮ್ಯಾಲೂ ದೊಡ್ಡದಿದ್ರೆ, ಆಗ 4ಕೆ ಇದ್ದದ್ದನ್ನ 1080ಪಿಗೆ ಇಳಿಸ್ರಿ. ಕೆಲವು ಫೋನಿನಾಗೆ ಎಡಿಟ್ ಒಳಗೇ ಇದು ಐತೆ. ಇಲ್ಲದಿದ್ರೆ ವಿಡಿಯೋ ಕಂಪ್ರೆಸರ್ ಅಂತ ಆಪುಗಳು ಸಿಗ್ತಾವೆ. ಮನೆಯಾಗೆ ಮಕ್ಕಳ ಕಂಪ್ಯೂಟರ್ ಇದ್ರೆ ಹ್ಯಾಂಡ್‌ಬ್ರೇಕ್ ಅಂತ ಒಂದು ಪುಗಸಟ್ಟೆ ಸಾಫ್ಟ್‌ವೇರ್ ಐತೆ, ಅದು ಬಾಳ ಚಲೋ ಕೆಲಸ ಮಾಡುತ್ತೆ. ಅಲ್ಲಿ ಎಚ್.265 ಅಂತ ಆರಿಸಿದ್ರೆ, ಹಳೇ ಎಚ್.264 ಗಿಂತ ಹೆಚ್ಚೂ ಕಡಿಮೆ ಅರ್ಧ ಜಾಗದಾಗೆ ಅಷ್ಟೇ ಚೊಕ್ಕಾಗಿ ಉಳೀತದೆ. ಬಾಳ ಹಳೇ ಟಿವಿಯಾಗೆ ಅದು ಓಡದೇ ಇರಬಹುದು, ಅದೊಂದು ನೋಡ್ಕೊಳ್ರಿ.

ಇಲ್ಲಿ ನಾನು ಮುಗ್ಗರಿಸಿದ್ದು ಎರಡು ಕಡೆ. ಒಂದು, ಆಪು ಸಣ್ಣ ಮಾಡಿದಾಗ ಹಳೇದು ಹೋಗಲ್ಲ. ಹಳೇದರ ಪಕ್ಕದಾಗೆ ಹೊಸಾದೊಂದು ಮಾಡಿ ಇಡುತ್ತೆ. ಫೋನು ಪೂರ್ತಿ ತುಂಬಿದ್ರೆ ಆ ಹೊಸಾದಕ್ಕೇ ಜಾಗ ಇರಲ್ಲ, ಅರ್ಧಕ್ಕೆ ನಿಲ್ಲುತ್ತೆ. ಅದಕ್ಕೇ ಮೊದಲು ಕಸ ತೆಗೀರಿ ಅಂದಿದ್ದು. ಇನ್ನೊಂದು, ಹೊಸಾದನ್ನ ಮೊದಲಿಂದ ಕಡೀತನಕ ನೋಡಿ, ದನಿ ಕೇಳುತ್ತಾ, ಮುಖ ಕಾಣುತ್ತಾ ಅಂತ ಖಾತ್ರಿ ಮಾಡ್ಕೊಂಡ ಮ್ಯಾಲೇ ಹಳೇದನ್ನ ಅಳಿಸ್ರಿ. ಅಳಿಸಿದ್ದು ಕಸದ ಡಬ್ಬಿಯಾಗೆ ಇರೋತನಕ ಜಾಗ ಖಾಲಿ ಆಗಲ್ಲ. ಇದು ತಿಳೀದೆ ನಾನು ಒಂದು ದಿನ ಫೋನನ್ನೇ ಬೈದೆ.

ಆಪು ಹಾಕ್ಕೊಳ್ಳೋವಾಗ ಒಂದು ಹುಷಾರು. ಫೋನ್ ನಂಬರು, ಕಾಂಟ್ಯಾಕ್ಟು, ಮೆಸೇಜು ನೋಡ್ತೀನಿ ಅಂತ ಕೇಳಿದ್ರೆ ಆ ಆಪು ಬ್ಯಾಡ. ವಿಡಿಯೋ ಸಣ್ಣ ಮಾಡಾಕೆ ನಮ್ಮ ಮೆಸೇಜು ಅದಕ್ಕೆ ಯಾಕೆ? ಹಂಗೇ, ಇಲ್ಲಿಗೆ ಅಪ್‌ಲೋಡ್ ಮಾಡ್ರಿ, ಸಣ್ಣ ಮಾಡಿ ಕೊಡ್ತೀವಿ ಅನ್ನೋ ವೆಬ್‌ಸೈಟುಗಳಿಗೆ ಮನೆ ಹೆಣ್ಣುಮಕ್ಕಳ ವಿಡಿಯೋ, ಕೂಸಿಗೆ ಎರೆಯೋ ವಿಡಿಯೋ ಹಾಕಬ್ಯಾಡ್ರಿ. ಅದು ಯಾರ ಕಂಪ್ಯೂಟರಿಗೆ ಹೋಗುತ್ತೆ ಅಂತ ನಮಗೆ ಕಾಣಲ್ಲ. ಸಣ್ಣ ಮಾಡೋದೇನಿದ್ರೂ ನಮ್ಮ ಫೋನಿನ ಒಳಗೇ ಆಗಲಿ.

ಮೂರನೇದು, ಮುಟ್ಟಬಾರದ ಪಾಲು ಎಲ್ಲಿ ಇಡೋದು. ಫೋನಿಗೆ ಸಿಗಿಸೋ ಪೆನ್‌ಡ್ರೈವ್ ಅಂಗಡಿಯಾಗೆ ಸಿಗುತ್ತೆ, ಓಟಿಜಿ ಅಂತ ಕೇಳ್ರಿ. ಅದಕ್ಕೆ ಒಂದು ನಕಲು. ಮಕ್ಕಳ ಕಂಪ್ಯೂಟರಿಗೆ ಇನ್ನೊಂದು ನಕಲು. ಪೆನ್‌ಡ್ರೈವೂ ಕೆಡುತ್ತೆ, ಅದಕ್ಕೇ ಎರಡು ಕಡೆ. ಗೂಗಲ್ ಫೋಟೋಸ್‌ನಾಗೆ ಇಡಬಹುದು, ಆದ್ರೆ ಪುಗಸಟ್ಟೆ ಸಿಗೋದು 15 ಜಿಬಿ ಅಷ್ಟೇ, ಅದ್ರಾಗೇ ಜಿಮೇಲು, ಡ್ರೈವು ಎಲ್ಲಾ ಸೇರ್ಕೊಂಡಿರ್ತಾವೆ. 2021ರ ಜೂನ್ 1ಕ್ಕೆ ಮುಂಚೆ ಎಷ್ಟು ಹಾಕಿದ್ರೂ ನಡೀತಿತ್ತು, ಈಗ ಇಲ್ಲ. ಅಲ್ಲಿ ಸ್ಟೋರೇಜ್ ಸೇವರ್ ಅಂತ ಇದ್ರೆ ಅದೂ ಸಣ್ಣ ಮಾಡೇ ಇಡುತ್ತೆ, ಒರಿಜಿನಲ್ ಅಂತ ಇದ್ರೆ ಇದ್ದಂಗೇ ಇಡುತ್ತೆ. ಮುಟ್ಟಬಾರದ ಪಾಲಿಗೆ ಒರಿಜಿನಲ್.

ಗೂಗಲ್ ಫೋಟೋಸ್ ಬಳಸೋರು ಇದನ್ನ ಎರಡ್ಸಲ ಓದ್ರಿ. ಮ್ಯಾಲೆ ಐತಲ್ಲ ಅಂತ ಆ ಆಪಿನ ಒಳಗೆ ವಿಡಿಯೋ ಹಿಡಿದು ಡಿಲೀಟ್ ಒತ್ತಿದ್ರೆ ಫೋನಿನಾಗೂ ಹೋಗುತ್ತೆ, ಮ್ಯಾಲಿಂದೂ ಹೋಗುತ್ತೆ. ಫೋನಿಂದ ಮಾತ್ರ ತೆಗೀಬೇಕಂದ್ರೆ ಫ್ರೀ ಅಪ್ ಸ್ಪೇಸ್ ಅಂತ ಬೇರೆ ಐತೆ, ಅದನ್ನ ಒತ್ತಬೇಕು. ಅದು ಮ್ಯಾಲೆ ಹೋಗಿ ಸೇರಿದ್ದನ್ನ ಮಾತ್ರ ಫೋನಿಂದ ತೆಗೆಯುತ್ತೆ.

ಊರಿಂದೂರಿಗೆ ಇದ್ದಂಗೇ ಕಳಿಸಬೇಕಂದ್ರೆ ವಾಟ್ಸಾಪಿನಾಗೆ ಗ್ಯಾಲರಿ ಬದಲು ಡಾಕ್ಯುಮೆಂಟ್ ಅಂತ ಒತ್ತಿ ವಿಡಿಯೋ ಆರಿಸ್ರಿ. ಆಗ ಅದು ಹಿಂಡಲ್ಲ. 2022ರಿಂದ 2 ಜಿಬಿತನಕ ಹೋಗುತ್ತೆ. ಇದೊಂದು ನನಗೆ 2019ರಾಗೆ ಗೊತ್ತಿದ್ದಿದ್ರೆ! ನಮ್ಮ 390 ಎಂಬಿ ಆಗಿನ ಡಾಕ್ಯುಮೆಂಟಿಗೂ ದೊಡ್ಡದಾಗ್ತಿತ್ತು ಅಂತ ಅಳಿಯ ಸಮಾಧಾನ ಹೇಳ್ತಾನೆ. ತುಂಡು ತುಂಡು ಮಾಡಿ ಕಳಿಸ್ತಿದ್ದೆ ಬಿಡಪ್ಪಾ ಅಂತ ನಾನು.

ಕಡೇದು, ಹಿಡಿಯೋವಾಗಲೇ ಸಣ್ಣದಾಗಿ ಹಿಡೀರಿ. ಕ್ಯಾಮೆರಾ ಸೆಟ್ಟಿಂಗಿನಾಗೆ 4ಕೆ ಇದ್ರೆ 1080ಪಿ ಮಾಡ್ರಿ, ಸೆಕೆಂಡಿಗೆ 60 ಅಂತ ಇದ್ರೆ 30 ಮಾಡ್ರಿ. ಹೈ ಎಫಿಶಿಯನ್ಸಿ ಅಂತ ಇದ್ರೆ ಆನ್ ಮಾಡ್ರಿ. ನಮ್ಮ ಮನೆ ಟಿವಿಯಾಗೆ ನೋಡಾಕೆ 1080ಪಿ ಸಾಕೋ ಸಾಕು. ಬೆಳಕಿಗೆ ಬೆನ್ನು ಮಾಡಿ ನಿಂತ್ಕೊಂಡು, ಮೊಳಕೈ ಹೊಟ್ಟೆಗೆ ಒತ್ತಿ ಫೋನು ಅಲ್ಲಾಡದಂಗೆ ಹಿಡೀರಿ. ಫೋನೇ ಅಲ್ಲಾಡಿದ್ರೆ ಗೋಡೆನೂ ಬದಲಾದಂಗೆ ಅದಕ್ಕೆ, ಲೆಕ್ಕ ಬರೆಯೋದು ಜಾಸ್ತಿ ಆಗುತ್ತೆ.

ಇಷ್ಟು ಹೇಳಿದ್ರೆ ಮಗ ಏನಂತಾನೆ ಗೊತ್ತಾ? "ಅಮ್ಮಾ, ಈ ತಾಪತ್ರಯ ಯಾಕೆ, 256 ಜಿಬಿ ಹೊಸ ಫೋನ್ ತಗೊಂಡ್ಬಿಡು." ಕೊಡಿಸ್ತೀನಿ ಅನ್ನೋ ಮಗ ಇರೋದು ನನ್ನ ಪುಣ್ಯ. ಆದ್ರೆ ಹಗೇವು ದೊಡ್ಡದು ಮಾಡಿದ್ರೆ ಕಲ್ಲು ಕಡಿಮೆ ಆಗ್ತಾವಾ? ಇನ್ನೂ ಎರಡು ವರ್ಷ ಗುಡ್ ಮಾರ್ನಿಂಗ್ ತುಂಬ್ಕೊಳ್ತಾವೆ, ಆಗ ಹುಡುಕೋದು ಇನ್ನೂ ಕಷ್ಟ. ತಿಂಗಳು ತಿಂಗಳು ದುಡ್ಡು ಕಟ್ಟಿ ಮ್ಯಾಲೆ ಇಡೋದೂ ಅಷ್ಟೇ. ಕಟ್ಟೋಕಾಗೋರು ಕಟ್ಲಿ, ತಪ್ಪಿಲ್ಲ. ಆದ್ರೆ ಕಸಕ್ಕೆ ಬಾಡಿಗೆ ಕಟ್ಟಬ್ಯಾಡ್ರಿ.

ನಮ್ಮ ನೆಗೆಣ್ಣಿ ಇನ್ನೊಂದು ಮಾತು ಹೇಳ್ತಾಳೆ. "ಇವನ್ನೆಲ್ಲಾ ಯಾರು ನೋಡ್ತಾರಕ್ಕಾ? ಹಿಡಿಯೋದು ಅಷ್ಟೇ, ಆಮೇಲೆ ಒಬ್ಬರೂ ತೆಗೆದು ನೋಡಲ್ಲ. ಇದ್ರೇನು, ಹೋದ್ರೇನು?" ಇದ್ರಾಗೆ ಮುಕ್ಕಾಲು ನಿಜ ಐತೆ, ನಾನು ಒಪ್ತೀನಿ. ನನ್ನ ಮದುವೆಯಾಗೆ ಫೋಟೋದೋನು ರೀಲು ಲೆಕ್ಕ ಹಾಕಿ ಹೊಡೀತಿದ್ದ, ಒಂದು ರೀಲಿಗೆ 36. ಧಾರೆಗೆ ಎರಡು, ಬೀಗರಿಗೆ ಒಂದು, ಅಜ್ಜಿಗೆ ಒಂದು. ಆ ಆಲ್ಬಮ್ ಇವತ್ತಿಗೂ ಎಲ್ಲಾರೂ ನೋಡ್ತಾರೆ. ಹೋದ ವರ್ಷ ಒಂದು ಮದುವೆಯಾಗೆ ನಾನೊಬ್ಬಳೇ ನಲವತ್ತು ವಿಡಿಯೋ ಹಿಡಿದಿದ್ದೆ, ಒಂದೂ ಪೂರ್ತಿ ನೋಡಿಲ್ಲ. ಹಂಗಾಗಿ ಕಡಿಮೆ ಹಿಡಿಯೋಣ ಅಂದ್ರೆ ನಾನು ನೆಗೆಣ್ಣಿ ಕಡೆ. ಆದ್ರೆ ಇದ್ರೇನು ಹೋದ್ರೇನು ಅನ್ನೋದು ಬೇಕಾಗೋ ದಿನ ಬರೋತನಕ ಅಷ್ಟೇ. ನನಗೆ ಆ ದಿನ ಬಂತು, ಹರಿಹರದಾಗೆ.

ನಮ್ಮಂಥೋರ ಫೋನು ಯಾವತ್ತಿದ್ರೂ ಮನೆಯೋರದ್ದೇ. ಮಗ ಬಿಟ್ಟಿದ್ದು, ಮಗ ರೀಚಾರ್ಜ್ ಮಾಡಿಸೋದು, ಮೊಮ್ಮಗ ಆಟ ಆಡೋದು. ಅದರ ಒಳಗೆ ಏನೈತೆ ಅಂತ ನೋಡೋ ಹಕ್ಕು ನಮಗೈತೆ ಅನ್ನೋದೇ ನಮಗೆ ಹೊಳೆಯಲ್ಲ. ಡಬ್ಬಿ ಸಾಲಿನಾಗೆ ಯಾವುದ್ರಾಗೆ ಮೆಂತೆ, ಯಾವುದ್ರಾಗೆ ಸಾಸಿವೆ ಅಂತ ಕತ್ತಲಾಗೂ ಹೇಳ್ತೀವಿ, ಫೋನು ಅಂದ ತಕ್ಷಣ ನನಗೆ ತಿಳಿಯಲ್ಲಪ್ಪಾ ಅಂತ ಕೈ ಚಾಚ್ತೀವಿ. ಮಕ್ಕಳು ಕೆಟ್ಟೋರಲ್ಲ. ಅವರಿಗೆ ಅವಸರ. ಅವರ ಕಣ್ಣಿಗೆ 390 ಎಂಬಿ ಅಂತ ಕಾಣುತ್ತೆ, ನಮಗೆ ಅತ್ತೆ ಕೈ ಕಾಣುತ್ತೆ. ಒತ್ತೋದು ಹೆಂಗೆ ಅಂತ ಅವರ ಹತ್ರ ಕೇಳ್ರಿ. ಯಾವುದನ್ನ ಒತ್ತಬೇಕು ಅಂತ ಕೇಳಬ್ಯಾಡ್ರಿ.

ಸೌತೆಬೀಜದ ಕಥೆ ಏನಾತು ಅಂದ್ರೆ, ಆ ಮಂಜು ಮಂಜು ವಿಡಿಯೋದ ದನಿ ಹಚ್ಚಿಟ್ಕೊಂಡು ನಾನೇ ಕುಂತು ಹೊಸೆದೆ. ಮೊದಲ ದಿನ ಬೀಜ ಸೀಳಿದ್ವು, ಹಿಟ್ಟು ಗಟ್ಟಿ ಆಗಿತ್ತು. ಅತ್ತೆ ಹೇಳಿದ್ದೇ ಸರಿ. ಈಗ ತಕ್ಕಮಟ್ಟಿಗೆ ಬರ್ತಾವೆ, ಅತ್ತೆ ಮಾಡಿದಂಗಲ್ಲ. ಹೋದ ತಿಂಗಳು ಮಗಳು ಬಂದಾಗ ಬಾಗಿಲ ಬೆಳಕಿನಾಗೆ ಕುಂಡ್ರಿಸಿ ನನ್ನ ಬೆರಳಿನ ವಿಡಿಯೋ ಮಾಡಿದ್ಲು. 1080ಪಿ, ನಾಕು ನಿಮಿಷ. ಒಂದು ನಕಲು ಪೆನ್‌ಡ್ರೈವಿನಾಗೆ, ಒಂದು ಅವಳ ಕಂಪ್ಯೂಟರಿನಾಗೆ, ಒಂದು ಡಾಕ್ಯುಮೆಂಟ್ ಮಾಡಿ ಹರಿಹರಕ್ಕೆ ಕಳಿಸಿದ್ವಿ.

ಮೂರನೇ ಮನೆ ಅಕ್ಕಂದೂ ಹೇಳಿಬಿಡ್ತೀನಿ. ಅವತ್ತು ಅವರೆಕಾಯಿ ಬಿಟ್ಟು ಇಬ್ಬರೂ ಕುಂತು ಹಸನು ಮಾಡಿದ್ವಿ. 9 ಜಿಬಿ ಖಾಲಿ ಆತು, ಅದ್ರಾಗೆ ಏಳು ಜಿಬಿ ಬರೇ ಫಾರ್ವರ್ಡು. ನಡುವೆ ಅವರ ಯಜಮಾನ್ರದ್ದು ಒಂದು ವಿಡಿಯೋ ಸಿಕ್ತು, ತೋಟದಾಗೆ ನಿಂತು ಮೊಮ್ಮಗನಿಗೆ ಬುಗುರಿ ಆಡಿಸೋದು ಹೇಳಿಕೊಡ್ತಾ ಇದ್ರು. ಅವರು ಹೋಗಿ ಮೂರು ವರ್ಷ ಆತು. ಇದು ಇದ್ದದ್ದೇ ಅಕ್ಕಗೆ ಗೊತ್ತಿರಲಿಲ್ಲ. ನಾಳೆ ಮಗನ ಕೈಗೆ ಹೋಗಬೇಕಿತ್ತು ಆ ಫೋನು.

ನಿಮಗೆ ಯಾರಿಗಾದ್ರೂ ತಿಳಿಯದಿದ್ರೆ ಶನಿವಾರ ಮಧ್ಯಾಹ್ನ ಫೋನು, ಚಾರ್ಜರು ಹಿಡ್ಕೊಂಡು ನಮ್ಮನಿಗೆ ಬರ್ರಿ. ಮಂಡಕ್ಕಿ ಮಿರ್ಚಿ ಮಾಡ್ತೀನಿ, ಮಾತಾಡ್ತಾ ಹಸನು ಮಾಡೋಣ. ಕನ್ನಡಕ ಮರೀಬ್ಯಾಡ್ರಿ.